ನೆರೆ ಇಳಿದ ಮೇಲೆ ನಮ್ಮ ತೋಟಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕೃಷಿಕರ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಇಗರ್ಜಿಯ ನೂರು ವರ್ಷಗಳ ಲೆಕ್ಕವನ್ನು ಹಾಕುವಾಗ ನಾವು ಸಾಮಾನ್ಯವಾಗಿ ಕಟ್ಟಡಗಳನ್ನು, ಶಾಲೆಗಳನ್ನು, ಸೇವೆ ಸಲ್ಲಿಸಿದ ಗುರುಗಳನ್ನು ಎಣಿಸುತ್ತೇವೆ. ಅದು ಉಚಿತವೇ. ಆದರೆ ಪುತ್ತೂರು, ಸುಳ್ಯ, ಕಡಬಗಳ ಈ ಸೀಮೆಯಲ್ಲಿ ಹಿರಿಯರು ಕಾಲವನ್ನು ಅಳೆದದ್ದು ಇನ್ನೊಂದು ಕೋಲಿನಿಂದ. ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಉಪ್ಪಿನಂಗಡಿಯಲ್ಲಿ ಕೂಡುತ್ತವೆ. ಅವುಗಳ ದಡದ ಮನೆಗಳಲ್ಲಿ ಒಂದು ಮದುವೆಯ ಅಥವಾ ಹುಟ್ಟಿನ ವರ್ಷವನ್ನು ಕೇಳಿದರೆ, 1923ರ ನೆರೆಗಿಂತ ಮುಂಚೆಯೋ ಆಮೇಲೆಯೋ ಎಂದು ಹೇಳುವ ರೂಢಿಯಿತ್ತು. ಮುಂದಿನ ತಲೆಮಾರಿಗೆ 1974ರ ನೆರೆ ಅದೇ ಗುರುತಾಯಿತು. ತುಳುವಿನಲ್ಲಿ ಇಂತಹ ನೆರೆಗೆ ‘ಮಾರಿ ಬೊಳ್ಳ’ ಎಂಬ ಹೆಸರುಂಟು. ಈಗಿನವರ ಬಾಯಲ್ಲಿ 2018 ಮತ್ತು 2022 ಎಂಬ ಎರಡು ವರ್ಷಗಳು ಆ ಸ್ಥಾನಕ್ಕೆ ಬಂದಿವೆ.

2018ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಜೋಡುಪಾಲದ ಕಡೆಯಿಂದ ಮಣ್ಣು, ಮರ, ಬಂಡೆಗಳು ಪಯಸ್ವಿನಿಯ ಹಾದಿಯಲ್ಲಿ ಕೆಳಗಿಳಿದುವು. ಮನೆಮಾರು ಕಳೆದುಕೊಂಡವರು ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳ ಆಶ್ರಯ ಶಿಬಿರಗಳಿಗೆ ಬಂದರು. ಮಡಿಕೇರಿಯ ರಸ್ತೆ ವಾರಗಟ್ಟಲೆ ಮುಚ್ಚಿತು. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು ಪರಿಸರದಲ್ಲಿ ಭೂಮಿ ಮತ್ತೆ ಮತ್ತೆ ಸಣ್ಣದಾಗಿ ನಡುಗಿತು. ಅದರ ಬೆನ್ನಿಗೇ ಆಗಸ್ಟ್ ಮೊದಲ ದಿನಗಳ ಮಳೆಗೆ ಕಲ್ಲುಗುಂಡಿಯ ಪೇಟೆಗೆ ನೀರು ನುಗ್ಗಿತು. ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರುಗಳಲ್ಲಿ ಹೊಳೆ ತನ್ನ ಪಾತ್ರವನ್ನು ಬಿಟ್ಟು ಹರಿಯಿತು. ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ಇಬ್ಬರು ಎಳೆಯ ಹೆಣ್ಣುಮಕ್ಕಳು ಮಣ್ಣಿನಡಿಯಾದರು. ಆ ಮನೆಯ ದುಃಖಕ್ಕೆ ಯಾವ ನೆರವೂ ಸಮನಲ್ಲ. ಇಂದು ನಾವು ಮಾತನಾಡಲು ನಿಂತಿರುವುದು ಜೀವ ಉಳಿದು, ಬೆಳೆ ಮತ್ತು ಭೂಮಿ ಹೋದವರ ವಿಷಯವಾಗಿ. ಅವರಿಗೆ ನೆರವು ಎಲ್ಲಿದೆ, ಅದು ಕೈಗೆ ಬರುವ ದಾರಿಯಲ್ಲಿ ಎಡವುವ ಕಲ್ಲುಗಳು ಯಾವುವು ಎಂಬುದರ ವಿಷಯವಾಗಿ.

ಮೊದಲು ನಷ್ಟದ ಸ್ವರೂಪವನ್ನು ತಿಳಿಯಬೇಕು. ನಮ್ಮ ಅಜ್ಜಂದಿರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುತ್ತಿದ್ದರು. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುವುದು ಸಹಜ, ಅಲ್ಲಿ ಭತ್ತವಿತ್ತು. ನೆರೆ ಬಂದರೆ ಒಂದು ಬೆಳೆ ಹೋಗುತ್ತಿತ್ತು, ಮುಂದಿನ ಬೆಳೆಗೆ ಹೊಸ ಮೆಕ್ಕಲು ಸಿಗುತ್ತಿತ್ತು. ಕಳೆದ ನಾಲ್ಕೈದು ದಶಕಗಳಲ್ಲಿ ಕೂಲಿಯಾಳಿನ ಅಭಾವದಿಂದಲೂ ಅಡಿಕೆಯ ಧಾರಣೆಯ ಆಕರ್ಷಣೆಯಿಂದಲೂ ಬೈಲುಗಳು ತೋಟಗಳಾದುವು. ಇದನ್ನು ಯಾರೂ ದೂಷಿಸುವಂತಿಲ್ಲ. ಆದರೆ ಅಡಿಕೆ ಸಸಿ ನೆಟ್ಟು ಫಲ ಕಾಣಲು 5ರಿಂದ 7 ವರ್ಷ ಬೇಕು. ಅದೇ ಬೈಲಿಗೆ ಅದೇ ಹೊಳೆ ನುಗ್ಗಿದರೆ ಈಗ ಹೋಗುವುದು ಒಂದು ಬೆಳೆಯಲ್ಲ, ಒಂದು ಕುಟುಂಬದ ಆರೇಳು ವರ್ಷಗಳ ದುಡಿಮೆ. ನೆರವಿನ ನಿಯಮಗಳು ಮಾತ್ರ ಈ ಬದಲಾವಣೆಯನ್ನು ಇನ್ನೂ ಪೂರ್ತಿಯಾಗಿ ಗುರುತಿಸಿದಂತೆ ಕಾಣುವುದಿಲ್ಲ.

ಈ ಮಾತನ್ನು ಅಂಕಿಗಳಿಂದಲೇ ನೋಡೋಣ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಎಷ್ಟು ಕೊಡಬಹುದೆಂಬುದನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2022ರಿಂದ 2026ರವರೆಗಿನ ಅವಧಿಗೆ ಗೊತ್ತುಪಡಿಸಿದ ಮಾನದಂಡದಲ್ಲಿ, ಬೆಳೆಯ 33 ಶೇಕಡಾ ಅಥವಾ ಅದಕ್ಕೂ ಮಿಕ್ಕಿ ನಷ್ಟವಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಅಡಿಕೆಯಂತಹ ಬಹುವಾರ್ಷಿಕ ಬೆಳೆಗೆ 22,500. ಅದೂ ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರಗಳು ನಿಲ್ಲುತ್ತವೆ. ಭಾಗಿಸಿ ನೋಡಿದರೆ ಮರವೊಂದಕ್ಕೆ ಬರುವುದು 16 ರೂಪಾಯಿ ಮತ್ತು ಚಿಲ್ಲರೆ. ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸಿ ಕೊಟ್ಟ ವರ್ಷಗಳೂ ಇವೆ. 2021ರ ಮಳೆಹಾನಿಗೆ ಬಹುವಾರ್ಷಿಕ ಬೆಳೆಯ ಮೊತ್ತವನ್ನು 28,000ಕ್ಕೆ ಏರಿಸಿತ್ತು. ಹಾಗಿದ್ದರೂ ಮರವೊಂದಕ್ಕೆ 20 ರೂಪಾಯಿಯ ಆಸುಪಾಸು. ಇದು ಪರಿಹಾರವಲ್ಲ, ಮುಂದಿನ ಬೆಳೆಯ ಬೀಜ–ಗೊಬ್ಬರಕ್ಕೆ ಕೊಡುವ ಸಹಾಯಧನ. ಸರ್ಕಾರಿ ಆದೇಶದಲ್ಲಿಯೂ ಅದನ್ನು ಹಾಗೆಯೇ ಕರೆದಿದ್ದಾರೆ. ಹೆಸರನ್ನು ಸರಿಯಾಗಿ ಓದಿದವನಿಗೆ ನಿರಾಶೆ ಸ್ವಲ್ಪ ಕಡಿಮೆಯಾದೀತು.

ಹಾಗಾದರೆ ಅರ್ಜಿ ಏಕೆ ಹಾಕಬೇಕು ಎಂದು ಕೇಳುವವರಿದ್ದಾರೆ. ಹಾಕಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಕಾರಣ ಹಣ ಒಂದೇ ಅಲ್ಲ. ನಷ್ಟವು ಕಡತದಲ್ಲಿ ಸೇರಿದರೆ ಮಾತ್ರ ಬ್ಯಾಂಕಿನ ಸಾಲದ ಅವಧಿ ವಿಸ್ತರಣೆಗೆ ಆಧಾರ ಸಿಗುತ್ತದೆ. ಒಂದು ಗ್ರಾಮದಲ್ಲಿ ಹಾನಿಗೊಳಗಾದ ಮೂವತ್ತು ತೋಟಗಳ ಪೈಕಿ ಎಂಟು ಮಂದಿ ಮಾತ್ರ ಅರ್ಜಿ ಕೊಟ್ಟರೆ, ಸರ್ಕಾರದ ಲೆಕ್ಕದಲ್ಲಿ ಆ ಗ್ರಾಮದಲ್ಲಿ ಎಂಟೇ ತೋಟಗಳು ಹಾಳಾಗಿವೆ.

ತೋಟದಲ್ಲಿ ಹೂಳು ತುಂಬಿದ್ದರೆ ಇನ್ನೊಂದು ಬಾಬು ಉಂಟು. ಮರಳು ಅಥವಾ ಹೂಳಿನ ದಪ್ಪ ಮೂರು ಅಂಗುಲಕ್ಕಿಂತ ಮಿಕ್ಕಿದ್ದು ಅಧಿಕಾರಿ ಅದನ್ನು ದೃಢೀಕರಿಸಿದರೆ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ಅದೇ ಮಾನದಂಡದ ಪ್ರಕಾರ ಹೆಕ್ಟೇರಿಗೆ 18,000 ರೂಪಾಯಿ. ಮೂರು ಅಂಗುಲವೆಂದರೆ ಅಲ್ಪವೆಂದು ತೋರೀತು. ಒಂದು ಹೆಕ್ಟೇರಿನಲ್ಲಿ ಅದು 760 ಘನ ಮೀಟರಿಗೂ ಮಿಕ್ಕಿದ ಮಣ್ಣು. ಘನ ಮೀಟರಿಗೆ ಸಿಗುವುದು ಸುಮಾರು 24 ರೂಪಾಯಿ. ಇಂದಿನ ಯಂತ್ರದ ಬಾಡಿಗೆ ಬಲ್ಲವರಿಗೆ ಇದರ ಮೇಲೆ ವ್ಯಾಖ್ಯಾನ ಬೇಕಾಗಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೆರೆ ಇಳಿದ ಮರುದಿನವೇ ಹಾರೆ ಹಿಡಿದು ಹೂಳನ್ನು ಬಾಚುವುದು ಒಳ್ಳೆಯ ಕೃಷಿಕನ ಸ್ವಭಾವ. ಪರಿಶೀಲನೆಗೆ ಬಂದವರಿಗೆ ಆಗ ತೋರಿಸಲು ಏನೂ ಉಳಿದಿರುವುದಿಲ್ಲ. ಆದುದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ನಾಲ್ಕಾರು ಕಡೆ ಹೂಳಿನಲ್ಲಿ ಅಳತೆಯ ಕೋಲು ನೆಟ್ಟು ಛಾಯಾಚಿತ್ರ ತೆಗೆಯಬೇಕು. ನೆರೆಮನೆಯ ಇಬ್ಬರನ್ನು ಕರೆದು ತೋರಿಸಬೇಕು. ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ಅದರ ಪ್ರತಿಯ ಮೇಲೆ ಸ್ವೀಕೃತಿ ಪಡೆಯಬೇಕು. ಹೊಳೆ ಪಾತ್ರ ಬದಲಿಸಿ ಅಥವಾ ಗುಡ್ಡ ಜರಿದು ಭೂಮಿಯೇ ಹೋದವರಿಗೆ ಹೆಕ್ಟೇರಿಗೆ 47,000 ರೂಪಾಯಿ. ಅದಕ್ಕೆ ಇರುವ ಷರತ್ತನ್ನು ಗಮನಿಸಿರಿ: ಕಂದಾಯ ದಾಖಲೆಯಲ್ಲಿ ಭೂಮಿ ಅವರ ಹೆಸರಿನಲ್ಲಿ ಕ್ರಮಬದ್ಧವಾಗಿರಬೇಕು.

ಈ ಷರತ್ತಿನ ಬಳಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಏಕೆಂದರೆ ನಮ್ಮ ಜನರಲ್ಲಿ ಹೆಚ್ಚಿನವರಿಗೆ ನೆರವು ತಪ್ಪುವುದು ಇಲ್ಲಿಯೇ.

ನಮ್ಮ ಹಿರಿಯರಲ್ಲಿ ಬಹುಮಂದಿ ಗೇಣಿ ಒಕ್ಕಲುಗಳಾಗಿದ್ದರು. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಇಂದಿನ ಯುವಕರಿಗೆ ಅಪರಿಚಿತ. ಅಜ್ಜಂದಿರಿಗೆ ಅವು ವರ್ಷ ವರ್ಷದ ಚಿಂತೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಏಳನೆಯ ನಮೂನೆಯ ಅರ್ಜಿ ಕೊಟ್ಟ ಒಕ್ಕಲು ಒಡೆಯನಾದ. ಆ ಅರ್ಜಿಯನ್ನು ತುಂಬಿಸಲು, ವಿಚಾರಣೆಗೆ ಹೋಗಲು, ಓದು ಬಾರದವರ ಜೊತೆಗೆ ನಿಲ್ಲಲು ಅಂದು ಊರೂರಿನಲ್ಲಿ ಯಾರಾದರೊಬ್ಬರು ಮುಂದೆ ಬಂದಿದ್ದರು. ಶಾಲೆಯ ಮಾಸ್ತರರೋ, ಗುರುಗಳೋ, ಲೆಕ್ಕಪತ್ರ ಬಲ್ಲ ನೆರೆಯವರೋ. ಹಾಗೆ ಒಂದು ಕಾಗದದ ಬಲದಿಂದ ಬಂದ ಭೂಮಿಯ ಕಾಗದವನ್ನು ಮುಂದಿನ ಎರಡು ತಲೆಮಾರುಗಳು ಕಪಾಟಿನಲ್ಲಿ ಇಟ್ಟು ಮರೆತುವು. ಇಂದು ಪಹಣಿ ತೆಗೆದು ನೋಡಿದರೆ ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರೇ ಇದೆ. ಅಜ್ಜನಿಗೆ ಆರು ಮಕ್ಕಳು. ಇಬ್ಬರು ಮುಂಬಯಿಯಲ್ಲಿ, ಇಬ್ಬರು ಕೊಲ್ಲಿ ರಾಷ್ಟ್ರದಲ್ಲಿ, ಒಬ್ಬಳನ್ನು ಬೇರೆ ಊರಿಗೆ ಮದುವೆ ಮಾಡಿ ಕೊಟ್ಟದ್ದು, ತೋಟದಲ್ಲಿ ದುಡಿಯುವವನು ಒಬ್ಬನೇ. ನೆರೆ ಬಂದಾಗ ಬೆನ್ನು ಬಗ್ಗಿಸುವವನು ಅವನು. ಪರಿಹಾರದ ತಂತ್ರಾಂಶ ಕೇಳುವುದು ಅಜ್ಜನ ಆಧಾರ್ ಸಂಖ್ಯೆ.

ಇದಕ್ಕೆ ಪೌತಿ ಖಾತೆ ಎಂಬ ಮಾರ್ಗ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಇವುಗಳೊಂದಿಗೆ ಅರ್ಜಿ ಕೊಟ್ಟು ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಬಹುದು. ಪಾಲು ಮಾಡಿಕೊಳ್ಳುವುದು ಬೇರೆ ವಿಷಯ. ಅದಕ್ಕೆ ಹೆದರಿ ಖಾತೆ ಬದಲಾವಣೆಯನ್ನೂ ಮುಂದೂಡುವುದು ವಿವೇಕವಲ್ಲ. ಅಣ್ಣ ತಮ್ಮಂದಿರ ನಡುವಿನ ಬಿಗುಮಾನ ಎಷ್ಟೇ ಇರಲಿ, ಕ್ರಿಸ್ಮಸ್ ರಜೆಗೋ ಮೊಂತಿ ಹಬ್ಬಕ್ಕೋ ಎಲ್ಲರೂ ಊರಿಗೆ ಬಂದಾಗ ಒಂದು ಬೆಳಗನ್ನು ಈ ಸಹಿಗಳಿಗಾಗಿ ಮೀಸಲಿಡಬೇಕೆಂದು ನಾವು ವಿನಂತಿಸುತ್ತೇವೆ. ಮೃತ ವ್ಯಕ್ತಿಯ ಹೆಸರಿಗೆ ಯಾವ ಸರ್ಕಾರವೂ ಹಣ ಜಮಾ ಮಾಡುವುದಿಲ್ಲ.

ಇನ್ನು ಕುಮ್ಕಿ. ವರ್ಗ ಜಮೀನಿಗೆ ತಾಗಿದ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಸೌದೆಗೆಂದು ಇದ್ದ ಹಕ್ಕು ನಮ್ಮ ಜಿಲ್ಲೆಯ ವಿಶೇಷ. ಕಾಲಕ್ರಮದಲ್ಲಿ ಅಂತಹ ಜಾಗದಲ್ಲಿ ತೋಟಗಳೆದ್ದುವು, ಮನೆಗಳೂ ಎದ್ದುವು. ಅಕ್ರಮ ಸಕ್ರಮದ ಅರ್ಜಿ ಕೊಟ್ಟು ವರ್ಷಗಳಿಂದ ಕಾಯುತ್ತಿರುವವರು ಈ ಸಭೆಯಲ್ಲಿಯೇ ಇರಬಹುದು. ಅವರ ಮರಗಳು ನೆರೆಗೆ ಬಿದ್ದರೆ ಬೆಳೆಯ ಸಹಾಯಧನವಿಲ್ಲ, ಭೂಮಿಯ ಪರಿಹಾರವಿಲ್ಲ, ವಿಮೆಯೂ ಇಲ್ಲ. ಇದಕ್ಕೂ ಕೆಳಗಿನ ಮೆಟ್ಟಿಲಲ್ಲಿ ನಿಂತವರು ತೋಟದ ಕೂಲಿಯವರು. ತೋಟ ಕೊಚ್ಚಿಹೋದ ಯಜಮಾನನಿಗೆ ಹದಿನಾರು ರೂಪಾಯಿಯ ಲೆಕ್ಕವಾದರೂ ಇದೆ. ಅದೇ ತೋಟದ ಕೊಯ್ಲನ್ನು ನಂಬಿದ ಮರ ಏರುವವನಿಗೆ, ಅಡಿಕೆ ಸುಲಿಯುವ ಹೆಂಗಸಿಗೆ ಯಾವ ಕಾಲಮೂ ಇಲ್ಲ. ಸುಳ್ಯದ ರಬ್ಬರು ತೋಪುಗಳಲ್ಲಿ ಹಾಲು ತೆಗೆಯುವ, ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳಿಗೂ ಮಳೆ ಹಿಡಿದು ಕೂತರೆ ಕೂಲಿಯಿಲ್ಲ. ಸರ್ಕಾರದ ಕೈ ತಲುಪದ ಈ ಸ್ಥಳಗಳಲ್ಲಿಯೇ ಊರಿನ ಸಂಘಗಳ, ದೇವಾಲಯಗಳ, ಇಗರ್ಜಿಗಳ, ಮಸೀದಿಗಳ ದಾನಕ್ಕೆ ನಿಜವಾದ ಕೆಲಸವಿದೆ. ಅರ್ಜಿ ಹಾಕಲು ಅರ್ಹರಾದವನಿಗೆ ಅರ್ಜಿ ಬರೆದುಕೊಡೋಣ, ಅರ್ಜಿಗೆ ಎಡೆಯಿಲ್ಲದವನಿಗೆ ಕೈಯಿಂದ ಕೊಡೋಣ. ಈ ಎರಡನ್ನು ಕಲಸಿದರೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಪೆಟ್ಟಿಗೆ ಎಷ್ಟಿದ್ದರೂ ಸಾಲದು.

ನೆರೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಕೊಳೆರೋಗದ ಸುದ್ದಿ ಅಂಗಳಕ್ಕೆ ಬಿದ್ದ ಕಾಯಿಯಲ್ಲಿ ಮಾತ್ರ ಕಾಣುತ್ತದೆ. 2013 ಮತ್ತು 2018ರ ದೀರ್ಘ ಮಳೆಗಾಲಗಳಲ್ಲಿ ಹೊಳೆಯ ದಡದಿಂದ ದೂರವಿದ್ದ ತೋಟಗಳೂ ಈ ರೋಗದಿಂದ ಬರಿದಾದುದನ್ನು ನಾವೆಲ್ಲರೂ ಬಲ್ಲೆವು. ಮಳೆಯಿಂದಲೇ ಹುಟ್ಟುವ ಈ ವಿಕೋಪಕ್ಕೆ ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಹೆಸರಿಲ್ಲ. ಚಂಡಮಾರುತ, ಬರ, ನೆರೆ, ಭೂಕುಸಿತ, ಮೇಘಸ್ಫೋಟ, ಆಲಿಕಲ್ಲು, ಕೀಟಬಾಧೆಗಳು ಅಲ್ಲಿವೆ. ಶಿಲೀಂಧ್ರದ ರೋಗ ಇಲ್ಲ. ಆದುದರಿಂದ ಕೊಳೆರೋಗದ ನಷ್ಟಕ್ಕೆ ಮುಖ್ಯ ಆಶ್ರಯವೆಂದರೆ ಹವಾಮಾನ ಆಧಾರಿತ ಬೆಳೆ ವಿಮೆ. 2016ರಲ್ಲಿ ಪುನರ್ರಚಿತವಾದ ಈ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಅಡಿಕೆ ಮತ್ತು ಕಾಳುಮೆಣಸು ಸೇರಿವೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತಕ್ಕೆ ರೈತನು ಕಟ್ಟುತ್ತ ಬಂದ ಕಂತು 5 ಶೇಕಡಾ, ಅಂದರೆ 6,400. ಮೆಣಸಿಗೆ 47,000ಕ್ಕೆ 2,350. ಮಿಕ್ಕ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಮೊದಲು ಹೇಳಿದ ಮರದ ಲೆಕ್ಕಕ್ಕೆ ಇದನ್ನು ಹೋಲಿಸಿರಿ: ಇಲ್ಲಿ ಮರವೊಂದಕ್ಕೆ ಗರಿಷ್ಠ 93 ರೂಪಾಯಿ.

ಈ ವಿಮೆಯ ಸ್ವಭಾವವನ್ನು ಅರಿಯದೆ ಕಂತು ಕಟ್ಟಿ, ಅನಂತರ ಬೇಸರಗೊಂಡವರು ಅನೇಕರು. ಇದು ನಿಮ್ಮ ತೋಟದಲ್ಲಿ ಬಿದ್ದ ಕಾಯಿಯನ್ನು ಎಣಿಸುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇರುವ ಮಳೆಮಾಪಕದಲ್ಲಿ ದಾಖಲಾದ ಮಳೆ, ಹವಾಮಾನದ ಇತರ ಅಂಶಗಳು ಮೊದಲೇ ಗೊತ್ತುಪಡಿಸಿದ ಮಿತಿಯನ್ನು ಮೀರಿದುವೇ ಎಂದಷ್ಟೇ ನೋಡುತ್ತದೆ. ಮೀರಿದರೆ ಆ ಪಂಚಾಯಿತಿಯ ವಿಮೆ ಮಾಡಿಸಿದವರೆಲ್ಲರಿಗೂ ಹಣ, ಕೊಳೆರೋಗ ಬಾರದವನಿಗೂ ಸಹ. ಮೀರದಿದ್ದರೆ ತೋಟ ಬರಿದಾದರೂ ಇಲ್ಲ. ಇದರಲ್ಲಿ ಅನ್ಯಾಯವೂ ಇದೆ, ಅನುಕೂಲವೂ ಇದೆ: ಅಧಿಕಾರಿಯ ಪರಿಶೀಲನೆಗೆ ಕಾಯಬೇಕಾಗಿಲ್ಲ, ಯಾರ ಕೃಪೆಯೂ ಬೇಡ. ಆದರೆ ಒಂದು ಗ್ರಾಮದ ಮೇಲಿನ ತಲೆಯಲ್ಲಿ ಕುಂಭದ್ರೋಣ ಮಳೆ, ಕೆಳಗಿನ ತಲೆಯಲ್ಲಿ ತುಂತುರು ಎಂಬ ನಮ್ಮ ಘಟ್ಟದ ಬುಡದಲ್ಲಿ ಇಡೀ ಪಂಚಾಯಿತಿಗೆ ಒಂದೇ ಮಾಪಕ ಸಾಕೆಂಬುದನ್ನು ಒಪ್ಪುವುದು ಕಷ್ಟ. ಮಾಪಕ ಕೆಟ್ಟು ನಿಂತರಂತೂ ಸಾವಿರಾರು ರೂಪಾಯಿ ಕಂತು ಕಟ್ಟಿದವನ ಭಾಗ್ಯ ಪಕ್ಕದೂರಿನ ಮಳೆಯ ಮೇಲೆ ನಿಲ್ಲುತ್ತದೆ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಅದು ಕೆಲಸ ಮಾಡುತ್ತಿದೆಯೇ ಎಂದು ಜೂನ್ ತಿಂಗಳಲ್ಲಿಯೇ ಹೋಗಿ ನೋಡಿರಿ. ಕೆಟ್ಟಿದ್ದರೆ ಪಂಚಾಯಿತಿಗೂ ತೋಟಗಾರಿಕಾ ಇಲಾಖೆಗೂ ಬರೆಯಿರಿ. ಸಾಧಾರಣವಾಗಿ ಜೂನ್ ಅಥವಾ ಜುಲೈ ತಿಂಗಳಲ್ಲಿ ಕಂತಿನ ಕೊನೆಯ ದಿನ ಬರುತ್ತದೆ. ಪಹಣಿಯ ಬೆಳೆ ಕಾಲಮಿನಲ್ಲಿ ಅಡಿಕೆ ಇದೆಯೇ, ಬೆಳೆ ಸಮೀಕ್ಷೆಯಲ್ಲಿ ಅದೇ ದಾಖಲಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಇವತ್ತಿಗೂ ಪಹಣಿಯಲ್ಲಿ ‘ಭತ್ತ’ ಎಂದು ಬರೆದಿರುವ ತೋಟಗಳು ಕಡಿಮೆಯಿಲ್ಲ.

ಬ್ಯಾಂಕಿನ ಸಾಲದ ಬಗ್ಗೆ ಎರಡು ಮಾತು. ರಿಸರ್ವ್ ಬ್ಯಾಂಕು 2018ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ವಿಕೋಪ ಘೋಷಿತವಾದ ಪ್ರದೇಶದಲ್ಲಿ ಬೆಳೆನಷ್ಟ 33ರಿಂದ 50 ಶೇಕಡಾ ಇದ್ದರೆ ಬೆಳೆಸಾಲದ ಮರುಪಾವತಿಗೆ ಎರಡು ವರ್ಷದವರೆಗೆ, 50 ಶೇಕಡಾ ಅಥವಾ ಮಿಕ್ಕಿದ್ದರೆ ಐದು ವರ್ಷದವರೆಗೆ ಅವಧಿ ವಿಸ್ತರಿಸಲು ಅವಕಾಶವಿತ್ತು. ಇಂತಹ ನಿಯಮಗಳು ಆಗಾಗ ಬದಲಾಗುವುದುಂಟು. ಅಂದಂದಿನ ನಿಯಮವನ್ನು ಶಾಖೆಯಲ್ಲಿಯೇ ಕೇಳಿ ತಿಳಿಯಬೇಕು. ಕೇಳದವನಿಗೆ ಯಾರೂ ಕರೆದು ಹೇಳುವುದಿಲ್ಲ. ಸಾಲದ ಕಂತು ತಪ್ಪಿದ ಮೇಲೆ ಹೋಗುವುದಕ್ಕಿಂತ ತಪ್ಪುವ ಮೊದಲೇ ನಷ್ಟದ ದಾಖಲೆಯೊಂದಿಗೆ ಹೋಗುವುದು ಲೇಸು. ಇದೇ ಪುತ್ತೂರಿನ ಮಣ್ಣಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರ ಚಳುವಳಿಯನ್ನು ಕಟ್ಟಿದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಇಲ್ಲಿಯೇ ಹುಟ್ಟಿತು. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಮೇಲೆ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿತು. ಧಾರಣೆಯ ಕುಸಿತವೂ ಒಂದು ವಿಕೋಪವೇ; ಅದಕ್ಕೆ ನೆರವು ದೆಹಲಿಯಿಂದ ಬರಲೆಂದು ಕಾಯದೆ ಬೆಳೆಗಾರರೇ ಕಟ್ಟಿಕೊಂಡ ಉತ್ತರ ಅದು. ಹಾಗಾಗಿ ನಮ್ಮ ಗ್ರಾಮದ ಪ್ರಾಥಮಿಕ ಸಹಕಾರಿ ಸಂಘದ ಮಹಾಸಭೆಗೆ ಹೋಗಿ, ಗೊಬ್ಬರದ ಬೆಲೆಯನ್ನಷ್ಟೇ ಅಲ್ಲ, ಈ ಪ್ರಶ್ನೆಗಳನ್ನೂ ಎತ್ತಬೇಕು.

ನೆರವೆಂದರೆ ಹಣವೊಂದೇ ಅಲ್ಲ. ಹಣ ಬರುವುದು ಆರು ತಿಂಗಳಿಗೆ. ಮರ ಸಾಯುವುದು ಆರು ವಾರಗಳಲ್ಲಿ. ನೆರೆ ಇಳಿದ ತೋಟದಲ್ಲಿ ಮೊದಲ ಕೆಲಸ ನೀರು ಬಸಿಯುವಂತೆ ಮಾಡುವುದು: ಸಾಲುಗಳ ನಡುವಿನ ಕಣಿಗಳನ್ನು ಬಿಡಿಸಿ, ತೋಡಿಗೆ ಹಾದಿ ಮಾಡಿಕೊಡಬೇಕು. ಅಡಿಕೆಯ ಬೇರಿನ ಬಹುಪಾಲು ಬುಡದ ಆಸುಪಾಸಿನಲ್ಲಿಯೇ ಇರುವುದರಿಂದ, ಅಲ್ಲಿ ಹೂಳು ಕೂತು ನೀರು ನಿಂತರೆ ಬೇರಿಗೆ ಉಸಿರಿಲ್ಲ. ಬುಡದ ಹೂಳನ್ನು ಮೊದಲು, ನಡುವಿನದನ್ನು ಆಮೇಲೆ ತೆಗೆಯಬೇಕು. ಬೇರು ಚೇತರಿಸಿಕೊಳ್ಳುವ ತನಕ ರಾಸಾಯನಿಕ ಗೊಬ್ಬರ ಬೇಡ. ಉದುರಿದ ಕಾಯಿ, ಸತ್ತ ಮರಗಳ ತುದಿ ಇವುಗಳನ್ನು ತೋಟದಲ್ಲಿ ಬಿಡದೆ ನಾಶಮಾಡಬೇಕು. ರೋಗದ ಬೀಜ ಅಲ್ಲಿಯೇ ಉಳಿಯುತ್ತದೆ. ಸುಳಿಕೊಳೆ ಆರಂಭದಲ್ಲಿಯೇ ಕಂಡರೆ ಕೊಳೆತ ಭಾಗವನ್ನು ಕೆತ್ತಿ ತೆಗೆದು 10 ಶೇಕಡಾ ಬೋರ್ಡೋ ಮುಲಾಮನ್ನು ಹಚ್ಚಿ ಮರವನ್ನು ಉಳಿಸಿಕೊಂಡವರಿದ್ದಾರೆ. ಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಂತರೆ ಸೊರಗು ರೋಗ ಖಂಡಿತವೆಂದೇ ತಿಳಿಯಬೇಕು.

ಕೊಳೆರೋಗದ ಮದ್ದು ನಮಗೆ ಹೊಸತಲ್ಲ. ಮೈಸೂರು ಸಂಸ್ಥಾನದ ಶಿಲೀಂಧ್ರ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದವರು 1910ರ ಸುಮಾರಿಗೆ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಸಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳ ಬೋರ್ಡೋ ದ್ರಾವಣವನ್ನು ಅಡಿಕೆಗೆ ಬಳಸಿ ತೋರಿಸಿದರು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲಕ್ಕೆ ಮೊದಲು ಒಮ್ಮೆ, 40–45 ದಿನಗಳ ಮೇಲೆ ಇನ್ನೊಮ್ಮೆ. ನೂರು ವರ್ಷ ಕಳೆದರೂ ಈ ಅಳತೆ ಬದಲಾಗಿಲ್ಲ. ಬದಲಾದದ್ದು ಮರ ಏರುವ ಆಳು ಸಿಗದಿರುವುದು. ಎರಡನೆಯ ಸಲ ಮದ್ದು ಬಿಡಲು ಆಳು ಬರುವಷ್ಟರಲ್ಲಿ ಅರ್ಧ ಕಾಯಿ ನೆಲದಲ್ಲಿರುತ್ತದೆ. ಈಗ ಉದ್ದನೆಯ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಮದ್ದು ಬಿಡುವ, ಕೊಯ್ಲು ಮಾಡುವ ರೂಢಿ ಬಂದಿದೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಯುವಕರಿಗೆ ತರಬೇತಿ ಕೊಟ್ಟು ಅಡಿಕೆ ಕೌಶಲ್ಯ ಪಡೆಯನ್ನು ಕಟ್ಟುವ ಕೆಲಸವೂ 2018ರ ಕೊನೆಯಿಂದ ನಡೆದಿದೆ. ಒಂದು ದೋಟಿಯ ಬೆಲೆ ಸಣ್ಣ ಕೃಷಿಕನಿಗೆ ಭಾರ. ಹತ್ತು ಮನೆಗಳ ವಾಳೆಗೆ ಒಂದು ದೋಟಿ, ಅದನ್ನು ಹಿಡಿಯಲು ಕಲಿತ ಇಬ್ಬರು ಯುವಕರು ಎಂದಾದರೆ ಹಳೆಯ ಮುಯ್ಯಾಳು ಪದ್ಧತಿಗೆ ಹೊಸ ಜೀವ ಬಂದೀತು.

ಸಲಹೆಗೆ ದೂರ ಹೋಗಬೇಕಾಗಿಲ್ಲ. ವಿಟ್ಲದಲ್ಲಿ 1956ರಿಂದ ಅಡಿಕೆಯ ಸಂಶೋಧನೆ ನಡೆದಿದೆ. 1972ರಲ್ಲಿ ಬಿಡುಗಡೆಯಾದ ಮಂಗಳಾ ತಳಿ ಅಲ್ಲಿಯದೇ. ನೆಟ್ಟಣದ ಹತ್ತಿರ ಕಿದುವಿನಲ್ಲಿ ಅದೇ ಸಂಸ್ಥೆಯ ಕೇಂದ್ರವಿದೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ. ಮಂಗಳೂರಿನ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ. ತೋಟ ಹೋದವನು ಮತ್ತೆ ಅಡಿಕೆಯನ್ನೇ ನೆಡಬೇಕೇ, ತಗ್ಗಿನಲ್ಲಿ ಬೇರೇನಾದರೂ ಆದೀತೇ, ಹಳದಿ ರೋಗದಿಂದ ಸೊರಗಿದ ಸಂಪಾಜೆ, ಅರಂತೋಡು ಕಡೆಯ ತೋಟಗಳಲ್ಲಿ ನೆಟ್ಟ ಸಸಿ ಬದುಕೀತೇ ಎಂಬ ಪ್ರಶ್ನೆಗಳನ್ನು ಕೇಳಬೇಕಾದದ್ದು ಅಲ್ಲಿ. ನರ್ಸರಿ ಮಾರುವವನಲ್ಲಿ ಅಲ್ಲ. ಹಳದಿ ರೋಗಕ್ಕೆ ಮದ್ದು ಇದೆಯೆಂದು ಬಾಟಲಿ ತೋರಿಸುವವರು ವರ್ಷಕ್ಕೊಬ್ಬರು ಹುಟ್ಟುತ್ತಾರೆ. ನೆರೆಯಲ್ಲಿ ಕಳೆದುಳಿದ ಹಣವನ್ನು ಅವರ ಕೈಗೆ ಕೊಡುವುದು ಎರಡನೆಯ ನಷ್ಟ.

ಕೊನೆಯದಾಗಿ, ನಮ್ಮ ಇಗರ್ಜಿಗಳ ಪಾತ್ರದ ಕುರಿತು ನೇರವಾಗಿ ಹೇಳಲು ಅಪ್ಪಣೆ ಕೋರುತ್ತೇವೆ. ನೆರೆ ಬಂದ ಮೊದಲ ವಾರದಲ್ಲಿ ಅಕ್ಕಿಯ ಮೂಟೆ, ಹೊದಿಕೆ, ಪಾತ್ರೆಗಳು ಸಾಕಷ್ಟು ಬರುತ್ತವೆ. ಜಾತಿ ಮತ ನೋಡದೆ ಹಂಚಿದುದೂ ಉಂಟು, ಅದು ಶ್ಲಾಘನೀಯವೇ. ಧರ್ಮಪ್ರಾಂತ್ಯದ ಸಮಾಜ ಸೇವಾ ಸಂಸ್ಥೆಯಾದ ಸಿ.ಓ.ಡಿ.ಪಿ., 1962ರಲ್ಲಿ ಆರಂಭವಾದ ಕಾರಿತಾಸ್ ಇಂಡಿಯಾ ಇವುಗಳ ಬಾಗಿಲನ್ನು ತಟ್ಟುವ ದಾರಿಯೂ ನಮ್ಮ ಗುರುಗಳಿಗೆ ಗೊತ್ತಿದೆ. ಕಡಬ, ನೆಲ್ಯಾಡಿ ಕಡೆಯಲ್ಲಿ ತಿರುವಾಂಕೂರು ಸೀಮೆಯಿಂದ ಬಂದು ಗುಡ್ಡ ಕಡಿದು ರಬ್ಬರು ಬೆಳೆಸಿದ ಸಹೋದರರ ಧರ್ಮಪ್ರಾಂತ್ಯಗಳಿಗೂ ಅವರದೇ ಸಂಸ್ಥೆಗಳಿವೆ. ಆದರೆ ಆರನೆಯ ತಿಂಗಳಲ್ಲಿ, ಕಡತವು ತಾಲೂಕು ಕಚೇರಿಯ ಮೇಜಿನಲ್ಲಿ ನಿಂತಾಗ, ಹಣ ಬಂದರೂ ಬ್ಯಾಂಕು ಖಾತೆಗೆ ಆಧಾರ್ ಜೋಡಣೆಯಾಗದೆ ಹಿಂದಕ್ಕೆ ಹೋದಾಗ, ಆ ವಿಧವೆಯ ಜೊತೆಗೆ ಹೋಗುವವರು ಯಾರೂ ಇರುವುದಿಲ್ಲ. ಅಕ್ಕಿಯ ಮೂಟೆಯ ಜೊತೆಗೆ ಛಾಯಾಚಿತ್ರ ತೆಗೆಯಬಹುದು. ಕಚೇರಿಯ ಬೆಂಚಿನಲ್ಲಿ ಅರ್ಧ ದಿನ ಕೂತದ್ದಕ್ಕೆ ಛಾಯಾಚಿತ್ರವಿಲ್ಲ.

ನಾವು ಸೂಚಿಸುವುದು ಸಣ್ಣ ಏರ್ಪಾಡು. ಪ್ರತಿಯೊಂದು ವಾಳೆಯ ಗುರ್ಕಾರರ ಬಳಿ ಒಂದು ಪುಸ್ತಕವಿರಲಿ. ಮನೆಯ ಹೆಸರು, ಪಹಣಿ ಯಾರ ಹೆಸರಿನಲ್ಲಿದೆ, ಖಾತೆ ಬದಲಾವಣೆ ಬಾಕಿಯಿದೆಯೇ, ರೈತರ ನೋಂದಣಿಯ ‘ಫ್ರೂಟ್ಸ್’ ಸಂಖ್ಯೆ ಆಗಿದೆಯೇ, ಬ್ಯಾಂಕು ಖಾತೆಗೆ ಆಧಾರ್ ಜೋಡಿಸಿದೆಯೇ, ವಿಮೆ ಕಟ್ಟಿದ್ದಾರೆಯೇ ಎಂಬಷ್ಟೇ ಅದರಲ್ಲಿ. ವಾಳೆಯಲ್ಲಿರುವ ಹಿಂದೂ, ಮುಸ್ಲಿಂ ನೆರೆಹೊರೆಯ ಮನೆಗಳೂ ಒಪ್ಪಿದರೆ ಅದೇ ಪುಸ್ತಕದಲ್ಲಿ ಸೇರಲಿ. ಹೊಳೆ ದಡದ ಮನೆಗಳನ್ನು ವಿಂಗಡಿಸಿ ನುಗ್ಗುವುದಿಲ್ಲ. ಕಾಲೇಜು ಓದುವ ಯುವಕ ಯುವತಿಯರು ಮೇ ತಿಂಗಳ ರಜೆಯಲ್ಲಿ ಇದನ್ನು ತುಂಬಿಸಬಲ್ಲರು. ಬೆರಳ ತುದಿಯಲ್ಲಿ ಜಗತ್ತನ್ನು ನೋಡುವ ಅವರಿಗೆ ಅಜ್ಜನ ಪಹಣಿಯನ್ನು ತೆರೆಯುವುದು ಕಷ್ಟವಾಗಲಾರದು. ವಿಕೋಪದ ದಿನ ಜಿಲ್ಲೆಯ ವಿಪತ್ತು ನಿರ್ವಹಣಾ ಕೇಂದ್ರದ 1077 ಸಂಖ್ಯೆಗೆ ತಿಳಿಸುವುದು, ಜಂಟಿ ಸಮೀಕ್ಷೆಗೆ ಕಂದಾಯ ಮತ್ತು ತೋಟಗಾರಿಕಾ ಇಲಾಖೆಯವರು ಬಂದಾಗ ಪುಸ್ತಕ ಹಿಡಿದು ಅವರೊಂದಿಗೆ ತೋಟ ತೋಟ ತಿರುಗುವುದು, ಫಲಾನುಭವಿಗಳ ಪಟ್ಟಿ ಪ್ರಕಟವಾದಾಗ ಬಿಟ್ಟುಹೋದ ಹೆಸರುಗಳನ್ನು ತಹಶೀಲ್ದಾರರಿಗೆ, ಅಲ್ಲಿ ಆಗದಿದ್ದರೆ ಪುತ್ತೂರಿನ ಸಹಾಯಕ ಆಯುಕ್ತರಿಗೆ ಬರೆದು ತಿಳಿಸುವುದು ಇವು ಆ ಪುಸ್ತಕದ ಮುಂದಿನ ಕೆಲಸಗಳು. ಒಬ್ಬೊಬ್ಬರಾಗಿ ಹೋದ ಇಪ್ಪತ್ತು ಅರ್ಜಿಗಳಿಗಿಂತ ಇಪ್ಪತ್ತು ಸಹಿಯ ಒಂದು ಅರ್ಜಿ ಬೇಗ ಓದಲ್ಪಡುತ್ತದೆ.

ಗೋಷ್ಠಿಯ ತರುವಾಯ ಸಭಾಂಗಣದ ಹಿಂಬದಿಯಲ್ಲಿ ಮೇಜುಗಳನ್ನು ಇರಿಸಲಾಗಿದೆ. ಪಹಣಿಯ ಪ್ರತಿ ತಂದವರ ಬೆಳೆ ಕಾಲಮನ್ನು ನಮ್ಮ ಯುವಕರು ಈಗಲೇ ನೋಡಿ ಹೇಳುತ್ತಾರೆ. ತಾರದವರು ಸರ್ವೆ ನಂಬ್ರ ತಿಳಿಸಿದರೂ ಸಾಕು. ಪೌತಿ ಖಾತೆಯ ಅರ್ಜಿಯ ನಮೂನೆಗಳೂ ಅಲ್ಲಿವೆ. ಊಟದ ಗಂಟೆ ಬಾರಿಸಲು ಇನ್ನೂ ಮುಕ್ಕಾಲು ಗಂಟೆಯಿದೆ.